ಮಾಂಯ್ ಜೊತೆ ಹೋದ ನೈಲ್ ಟಿಕೆಟ್

ದುಖಾನ್, ಕತಾರ್
14 ನವೆಂಬರ್ 2024, ಗುರುವಾರ

ಪ್ರೀತಿಯ ಮಾಂಯ್,

ಹಡಗಿನ ಊಟ ನಿಮಗೆ ಒಗ್ಗಿತೇ? ಕಣ್ಣಿನ ಔಷಧಿ ಮರೆಯದೆ ಬಿಟ್ಟುಕೊಳ್ಳುತ್ತಿದ್ದೀರಾ? ಫೋನಿನ ಸಣ್ಣ ಅಕ್ಷರ ನಿಮಗೆ ಕಾಣಿಸದೆಂದು ಕಾಗದದಲ್ಲಿ ದೊಡ್ಡದಾಗಿ ಬರೆದು, ಫೋಟೋ ತೆಗೆದು ನಿಮ್ಮ ಫೋನಿಗೇ ಕಳಿಸುತ್ತಿದ್ದೇನೆ. ನಿಮ್ಮ ಮಗನಿಗೆ ತೋರಿಸಬೇಡಿ. ನಾನೂ ನಿಮ್ಮ ಮೊಮ್ಮಗಳು ಮೈರಾಳೂ ಸೌಖ್ಯ. ಅವಳಿಗೆ ಪರೀಕ್ಷೆ, ನನಗೆ ಹೊಟ್ಟೆಕಿಚ್ಚು. ಸೊಸೆಯಾದವಳು ಅತ್ತೆಗೆ ಹೀಗೆ ಬರೆಯಬಾರದೆಂದು ಗೊತ್ತು, ಆದರೂ ಬರೆಯುತ್ತೇನೆ.

ಇಪ್ಪತ್ತು ವರ್ಷ ದುಡಿದದ್ದಕ್ಕೆ ಕಂಪನಿಯವರು ಆನ್ಸೆಲ್ಮರಿಗೆ ನೈಲ್ ಪ್ರವಾಸದ ಎರಡು ಟಿಕೆಟ್ ಕೊಟ್ಟಾಗ, ಊಟದ ಮೇಜಿನಲ್ಲಿ "ಮಾಂಯ್ ಹೋಗಿ ಬರಲಿ, ನಾನು ಇನ್ನೊಮ್ಮೆ ಹೋದರಾಯಿತು" ಎಂದವಳು ನಾನೇ. ನಮ್ಮ ಕಡೆ ಒಂದು ಲೋಟ ಚಹಾಕ್ಕೂ ಎರಡು ಸಲ ಬೇಡ ಎಂದ ಮೇಲೆಯೇ ಕೈ ಚಾಚುವುದಲ್ಲವೇ? ನೀವು ಬೇಡವೆನ್ನುತ್ತೀರಿ, ನಾನು ಒತ್ತಾಯಿಸುತ್ತೇನೆ, ನೀವು ಮತ್ತೆ ಬೇಡವೆನ್ನುತ್ತೀರಿ, ಕೊನೆಗೆ ನಾನು ಮನಸ್ಸಿಲ್ಲದವಳ ಹಾಗೆ ಹೊರಡುತ್ತೇನೆ ಅಂದುಕೊಂಡಿದ್ದೆ. ನೀವು ಬಂಗುಡೆಯ ಮುಳ್ಳು ಬಿಡಿಸುತ್ತಾ "ಆಯ್ತು ಮಾರಾಯ್ತಿ, ನೀನು ಅಷ್ಟು ಹೇಳುವಾಗ" ಎಂದುಬಿಟ್ಟಿರಿ. ಅಷ್ಟು ಎಲ್ಲಿ ಹೇಳಿದ್ದೆ ಮಾಂಯ್? ಹೇಳಿದ್ದು ಒಂದೇ ಸಲ.

ಮೊನ್ನೆ ಕಾರ್ನಾಕ್ ದೇವಾಲಯದ ಫೋಟೋ ಬಂತು. ಅಷ್ಟು ದೊಡ್ಡ ಕಂಬದ ಬುಡದಲ್ಲಿ ನೀವು, ತಲೆಯ ಮೇಲೆ ನನ್ನ ಹುಲ್ಲಿನ ಟೋಪಿ. ಆನ್ಸೆಲ್ಮ್ ಒಂದು ಕೈಯಲ್ಲಿ ನಿಮ್ಮ ಕೈಯನ್ನೂ ಇನ್ನೊಂದರಲ್ಲಿ ನನ್ನ ನೋಟ್ ಪುಸ್ತಕವನ್ನೂ ಹಿಡಿದಿದ್ದಾರೆ. ಏಳನೇ ತರಗತಿಯಲ್ಲಿ ಸಮಾಜ ಟೀಚರ್ ಈಜಿಪ್ಟಿನ ಪಾಠ ಮಾಡಿದಂದಿನಿಂದ ಯಾವ ಗೋರಿಯಲ್ಲಿ ಯಾವ ರಾಜ, ಯಾವ ಗೋಡೆಯ ಮೇಲೆ ಯಾವ ದೇವತೆ ಎಂದು ನಾನು ಬರೆದಿಟ್ಟ ಪುಸ್ತಕ ಅದು. ಅದನ್ನೇ ಓದಿ ಅವರು ನಿಮಗೆ ವಿವರಿಸುತ್ತಾರಂತೆ. ನೀವೋ ನಿನ್ನೆ ಫೋನಿನಲ್ಲಿ "ಎಂತ ಉಂಟು ಮಾರಾಯ್ತಿ, ಎಲ್ಲ ಕಲ್ಲೇ. ಗೋರಿಯ ಒಳಗೆ ಹೋದ್ರೆ ಸೆಕೆ" ಎಂದಿರಿ. ನನಗೆ ಅಳುವೇ ಬಂತು. ಇಲ್ಲಿ ಕಿಟಕಿ ತೆರೆದರೆ ಮರಳು ಮತ್ತು ಎಣ್ಣೆಯ ಪೈಪು. ಮದುವೆಯಾಗಿ ಹದಿನೇಳು ವರ್ಷವಾಯಿತು, ಆನ್ಸೆಲ್ಮ್ ನನ್ನ ಕೈಯನ್ನು ಹಾಗೆ ಜೋಪಾನವಾಗಿ ಹಿಡಿದು ನಡೆಸಿದ್ದು ನೆನಪಿಲ್ಲ. ದೋಹಾದ ಮಾಲಿನಲ್ಲೂ ಟ್ರಾಲಿ ತಳ್ಳುತ್ತಾ ಹತ್ತು ಹೆಜ್ಜೆ ಮುಂದೆಯೇ ಇರುತ್ತಾರೆ.

ಸಂಜೆ ಜಪಸರ ಹೇಳುವಾಗ ನಿಮಗಾಗಿಯೂ ಪ್ರಾರ್ಥಿಸುತ್ತೇನೆ. ಹಲ್ಲು ಕಚ್ಚಿಕೊಂಡು ಪ್ರಾರ್ಥಿಸುತ್ತೇನೆ, ಅಷ್ಟೇ. ಬಿಸಿಲಿಗೆ ನೀರು ಕುಡಿಯುತ್ತಿರಿ. ಮೈರಾ ನಿಮಗೆ ಮುತ್ತು ಕಳಿಸಿದ್ದಾಳೆ.

ನಿಮ್ಮ ಆಶೀರ್ವಾದ ಬೇಡುವ ಸೊಸೆ,
ಸಿಸಿಲಿಯಾ

ತಾ.ಕ.: ನಾಡಿದ್ದು ಅಸ್ವಾನಿನಲ್ಲಿ ನಿಮ್ಮನ್ನು ನಡುಗಡ್ಡೆಯ ಫಿಲೆ ದೇವಾಲಯಕ್ಕೆ ದೋಣಿಯಲ್ಲಿ ಕರೆದೊಯ್ಯುತ್ತಾರೆ. ಮಾಂಯ್, ಆ ಬೆಳಿಗ್ಗೆ ತಲೆ ತಿರುಗುತ್ತದೆ ಎಂದು ಹೇಳಿ ಹಡಗಿನಲ್ಲೇ ಮಲಗಿಬಿಡಿ. ನಿಮ್ಮನ್ನು ಬಿಟ್ಟು ಆನ್ಸೆಲ್ಮ್ ಕದಲುವುದಿಲ್ಲ. ಸುಳ್ಳಿನ ಪಾಪ ನನ್ನದಿರಲಿ, ಪಾದ್ರಿಗಳ ಮುಂದೆ ನಾನೇ ಒಪ್ಪಿಕೊಳ್ಳುತ್ತೇನೆ. ಅದೊಂದನ್ನಾದರೂ ಅವರು ಮೊದಲ ಸಲ ನನ್ನ ಜೊತೆ ನೋಡಲಿ.