ಎರಡು ಹಿತ್ತಲಿನ ಅರಳೆ

ಜನವರಿ 9

ಇವತ್ತೂ ಕಂದು. ಹನ್ನೆರಡು ಟ್ಯೂಬಿನಲ್ಲಿ ಒಂಬತ್ತು ಚಹಾದ ಬಣ್ಣ. ಅರಳೆ ಗಿಡದ ಎಲೆಯಿಂದ ಡಿಎನ್‌ಎ ತೆಗೆಯುವುದೆಂದರೆ ಇದೇ ಗೋಳು. ಎಲೆ ಅರೆದ ಕೂಡಲೇ ಅದರ ಒಗರು ಹೊರಗೆ ಬಂದು ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಮೇಡಂ ಒಂದು ಟ್ಯೂಬ್ ಎತ್ತಿ ಬೆಳಕಿಗೆ ಹಿಡಿದು, “ರೂಬಿನಾ, ಇದಕ್ಕ ಒಂದೀಟು ಸಕ್ಕರಿ ಹಾಕಿದ್ರ ಕುಡೀಬಹುದು ನೋಡು” ಎಂದರು. ನಕ್ಕೆ. ಬೈಯುವ ಗೈಡಿಗಿಂತ ಕಿಚಾಯಿಸುವ ಗೈಡ್ ಮೇಲು.

ನಾಳೆ ಪಿವಿಪಿ ಪುಡಿ ಜಾಸ್ತಿ ಹಾಕಿ ನೋಡಬೇಕು, ಒಗರನ್ನು ಅದು ಹಿಡಿದುಕೊಳ್ಳುತ್ತದೆ. ಮರ್ಕ್ಯಾಪ್ಟೊಇಥನಾಲ್ ಕೂಡ ಇನ್ನೊಂದಿಷ್ಟು. ಅದರ ವಾಸನೆ… ಕೊಳೆತ ಮೊಟ್ಟೆ. ಧಾರವಾಡದ ಲ್ಯಾಬಿನಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಪ್ಯಾಸೆಂಜರ್ ಹಿಡಿದು ಗುಡಗೇರಿ—ಇಡೀ ದಾರಿ ನನ್ನ ದುಪಟ್ಟಾದಲ್ಲೇ ಕೂತು ಮನೆಗೆ ಬರುತ್ತದೆ. ಇವತ್ತು ಬಾಜು ಕೂತ ಹೆಂಗಸು ಕುಂದಗೋಳ ಬರುವ ಮೊದಲೇ ಎದ್ದು ಬೇರೆ ಸೀಟಿಗೆ ಹೋದಳು. ಕಾಲು ಚಾಚಿಕೊಂಡು ಬಂದೆ. ಲಾಭವೇ.

ಜನವರಿ 12, ರವಿವಾರ

ರಜೆ. ಅಪ್ಪನ ಹಿಂಜುವ ಮಷೀನು ಬೆಳಿಗ್ಗೆಯಿಂದ ಗುರ್ ಎನ್ನುತ್ತಿದೆ. ಮದುವೆ ಸೀಜನ್, ಗಾದಿ ಆರ್ಡರ್ ಬಹಳ. ಅವನು ಅರಳೆ ಹಿಂಜುತ್ತಾನೆ, ನಾನು ಅರಳೆಯ ಎಲೆ ಅರೆಯುತ್ತೇನೆ. “ಇಷ್ಟ ಓದಿಸಿ ಮತ್ತ ಅರಳಿಗೇ ತಂದು ಕುಂದ್ರಿಸಿದಂಗಾತು” ಎಂದು ಗಿರಾಕಿಗಳ ಮುಂದೆ ಹೇಳುತ್ತಾನೆ. ಹೆಮ್ಮೆಯಿಂದಲೇ.

ಹಿತ್ತಲಲ್ಲಿ ಅಪ್ಪನ ತಾಯಿ, ನನ್ನ ದಾದಿ ಹಲೀಮಾಬಿಯ ಅರಳೆ ಗಿಡದ ಕಾಯಿ ಒಡೆದಿವೆ. ಹೊಲದ ಹತ್ತಿಯಲ್ಲ ಇದು. ವರ್ಷವರ್ಷ ನಿಲ್ಲುವ ಗಿಡ, ಆಳೆತ್ತರ ದಾಟಿದೆ. ಎಳೆ ಗಿಡ್ಡ, ಆದರೆ ಬಲು ಮೆತ್ತಗೆ. ದೀಪದ ಬತ್ತಿಗೆ ಒಳ್ಳೆಯದು, ಕೂಸಿನ ತಲೆದಿಂಬಿಗೆ ಒಳ್ಳೆಯದು. ಓಣಿಯವರೆಲ್ಲ ಬತ್ತಿ ಅರಳೆಗೆ ಹಲೀಮಾಬಿಯ ಹಿತ್ತಲಿಗೇ ಬರುವುದು. ನಮ್ಮ ಪ್ರಾಜೆಕ್ಟ್ ಇಂಥ ಗಿಡಗಳ ಮೇಲೆಯೇ. ಜಿಲ್ಲೆಯ ಹಿತ್ತಲುಗಳಲ್ಲಿ ಉಳಿದ ಹಳೇ ಅರಳೆ ಎಷ್ಟು ಬಗೆ, ಯಾವುದು ಯಾವುದಕ್ಕೆ ಸಂಬಂಧ.

ಸ್ಯಾಂಪಲ್ಲಿಗೆ ಚಿಗುರೆಲೆ ಕೀಳುತ್ತಿದ್ದೆ. ದಾದಿ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತಳು.

“ಎರಡ ಗಿಡಾ ಒಂದ ಬೀಜದ್ದು ಹೌದೋ ಅಲ್ಲೋ, ನಿಮ್ಮ ಮಷೀನ ಹೇಳತೈತೇನು?”

“ಹೇಳತೈತಿ ದಾದಿ.”

“ಫಕೀರವ್ವನ ಗಿಡಾ ನಾ ಕೊಟ್ಟ ಬೀಜದ್ದು ಅಂತ ಹೇಳತೈತಿ?”

“ಹೂಂ, ಹೇಳತೈತಿ.”

ಹೇಳಿ ನಾಲಿಗೆ ಕಚ್ಚಿಕೊಂಡೆ. ಎರಡೂ ಒಂದೇ ಬೀಜವೇ ಎಂದು ನೋಡಬಹುದು. ಯಾರು ಯಾರಿಗೆ ಕೊಟ್ಟದ್ದು ಎಂದು ಹೇಗೆ ನೋಡುವುದು? ತಿದ್ದಿ ಹೇಳೋಣ ಎನ್ನುವಷ್ಟರಲ್ಲಿ ದಾದಿ ಓಣಿಗೆ ಹೋಗಿಯಾಗಿತ್ತು. ಸಂಜೆಗೆ ಅರ್ಧ ಗುಡಗೇರಿಗೆ ಸುದ್ದಿ.

ಜನವರಿ 14

ಸಂಕ್ರಾಂತಿ. ಓಣಿಯವರು ಕುಸುರೆಳ್ಳು ತಂದುಕೊಟ್ಟರು. ದಾದಿ ಎಲ್ಲರದೂ ತಿಂದಳು, ಆದರೆ ಬಾಗಿಲು ನೋಡುತ್ತಲೇ ಇದ್ದಳು. ಮೊದಲೆಲ್ಲ ಹಬ್ಬದ ಮೊದಲ ಎಳ್ಳು ಫಕೀರವ್ವಜ್ಜಿಯದು. ಗೋಡೆಗೆ ಗೋಡೆ ಹತ್ತಿದ ಮನೆ. ಮಗನಿಗೆ ದೇವಿಕೊಪ್ಪದಲ್ಲಿ ಕೆಲಸವಾದ ಮೇಲೆ ಅಜ್ಜಿ ಅವನ ಜೊತೆ ಅಲ್ಲಿಗೆ ಹೋದಳು, ಅರಳೆ ಬೀಜವನ್ನೂ ಒಯ್ದಳು. ಮಗನ ಮದುವೆ ಊಟದಲ್ಲಿ ಹೊಸ ಬೀಗರ ಮುಂದೆ, “ಹಲೀಮಾಬಿ ಹಿತ್ತಲದಾಗಿನ ಅರಳಿ ನಾ ಕೊಟ್ಟದ್ದು, ನಮ್ಮ ತವರಮನಿ ಬೀಜ” ಎಂದಳಂತೆ. “ನಮ್ಮ ತವರಿಂದು, ನಿನಗ ಕೊಟ್ಟಾಕಿ ನಾನು” ಎಂದು ದಾದಿ. ಮಾತಿಗೆ ಮಾತು ಬೆಳೆದು ದಾದಿ ಎಲೆ ಬಿಟ್ಟು ಎದ್ದು ಬಂದಳು. ನಾಲ್ಕು ವರ್ಷವಾಯಿತು, ಮಾತಿಲ್ಲ ಕಥೆಯಿಲ್ಲ.

ನನಗೂ ಮೊದಲು ನಗು ಬರುತ್ತಿತ್ತು. ಈಗ ಬರುವುದಿಲ್ಲ. ಅಣ್ಣಿಗೇರಿಯಿಂದ ಮದುವೆಯಾಗಿ ಬರುವಾಗ ದಾದಿಯ ತಾಯಿ ಸೆರಗಿನ ತುದಿಗೆ ಕಟ್ಟಿ ಕಳಿಸಿದ್ದು ಆ ಹಿಡಿ ಬೀಜ. ತಾಯಿಯದೆಂದು ಬೇರೇನೂ ಉಳಿದಿಲ್ಲ, ಒಂದು ಫೋಟೋ ಸಹ. ಫಕೀರವ್ವಜ್ಜಿಯ ತವರು ನವಲಗುಂದದ ಕಡೆ. ಅವಳದೂ ಇಂಥದೇ ಕಥೆ ಇದ್ದೀತು.

ಹೇಗೂ ದೇವಿಕೊಪ್ಪ ನಮ್ಮ ಲಿಸ್ಟಿನಲ್ಲಿದೆ. ಹೋಗಿ ಎಲೆ ತರುತ್ತೇನೆ. ಒಂದೇ ಎಂದು ಬಂದರೆ ಇಬ್ಬರಲ್ಲಿ ಯಾರೋ ಒಬ್ಬರ ತವರಿನ ಬೀಜ ಸುಳ್ಳಾಗುತ್ತದೆ. ದಾದಿಯದೇ ಸುಳ್ಳಾದರೆ? ಯೋಚಿಸಬಾರದು.

ಜನವರಿ 18

ದೇವಿಕೊಪ್ಪ ಮುಗಿಯಿತು. ಫಕೀರವ್ವಜ್ಜಿ ಮನೆಯಲ್ಲಿರಲಿಲ್ಲ, ಕಣ್ಣು ತೋರಿಸಲು ಮಗನ ಜೊತೆ ಹುಬ್ಬಳ್ಳಿಗೆ ಹೋಗಿದ್ದಳು. ಒಂದು ರೀತಿ ನೆಮ್ಮದಿಯೇ ಆಯಿತು. ಸೊಸೆ ಭಾಗ್ಯಾ ಇದ್ದಳು. ಬಾಣಂತನ ಮುಗಿಸಿ ತವರಿಂದ ಈಚೆಗೆ ಬಂದವಳು, ಕಂಕುಳಲ್ಲಿ ಕೂಸು. ಮದುವೆಗೆ ನಾನು ಹೋಗಿರಲಿಲ್ಲ, ಹಾಗಾಗಿ ಗುರುತಿಲ್ಲ. ನಾನೂ ಯಾರ ಮೊಮ್ಮಗಳು ಎಂದು ಹೇಳಲಿಲ್ಲ.

“ಅರಳಿ ಜೀನ್ ಮ್ಯಾಲೆ ಕೆಲಸ ಮಾಡತೇನ್ರಿ, ನಿಮ್ಮ ಗಿಡದ್ದು ಎಲಿ ಬೇಕಾಗಿತ್ತು” ಎಂದೆ.

“ಜಿನ್ನಿನವರೇನ್ರಿ? ಬರ್ರಿ, ಬರ್ರಿ” ಎಂದು ಬಾಗಿಲ ಬಾಜೂ ಇದ್ದ ಗಿಡಕ್ಕೇ ಕರೆದುಕೊಂಡು ಹೋದಳು. ಎಲೆ ಕಿತ್ತು ಐಸ್ ಡಬ್ಬಿಗೆ ಹಾಕಿದೆ. ಚಹಾ ಕೊಟ್ಟಳು. ಏಳುವಾಗ ಕೇಳಿದಳು, “ಜಿನ್ನಿನಾಗ ಈ ಸಲ ಏನ ರೇಟ್ ನಡದೈತ್ರಿ?”

ಆಗ ತಿಳಿಯಿತು, ಹತ್ತಿಯಿಂದ ಕಾಳು ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿಯಿಂದ ಬಂದವಳು ಎಂದುಕೊಂಡಿದ್ದಾಳೆ. ಯಾವ ಊರಿಗೆ ಹೋದರೂ ಇದೇ. ಇನ್ನು ವಂಶವಾಹಿ ಎಂದೇ ಹೇಳಬೇಕು. ಅದಕ್ಕೆ ಏನು ತಿಳಿದುಕೊಳ್ಳುತ್ತಾರೋ. ಬಸ್ಸು ಬಂತು, ಬಿಡಿಸಿ ಹೇಳಲು ಆಗಲಿಲ್ಲ.

ಜನವರಿ 29

ಬಿಳಿ! ಪಿವಿಪಿ ಕೆಲಸ ಮಾಡಿತು. ತಣ್ಣನೆಯ ಐಸೊಪ್ರೊಪನಾಲ್ ಸುರಿದು ಟ್ಯೂಬನ್ನು ಮೆಲ್ಲಗೆ ತಿರುಗಿಸಿದೆ. ನೀರಿನೊಳಗಿಂದ ಬಿಳಿ ಎಳೆ ಎದ್ದು ಬಂದು ಒಂದಕ್ಕೊಂದು ಸುತ್ತಿಕೊಂಡಿತು. ಅಪ್ಪ ಹಿಂಜುವಾಗ ಅಂಗಡಿಯ ಬಿಸಿಲಲ್ಲಿ ತೇಲುವ ಎಳೆಯ ಹಾಗೆಯೇ. ಟೇಬಲ್ ಮುಂದೆ ಒಬ್ಬಳೇ ನಿಂತು ನಗುತ್ತಿದ್ದೆ. ಮೇಡಂ ನೋಡಿದರು. ಸಕ್ಕರೆಯ ಮಾತು ಎತ್ತಲಿಲ್ಲ, ಬೆನ್ನು ತಟ್ಟಿದರು.

ಬಹಳ ಖುಷಿಯ ದಿನ.

ಫೆಬ್ರವರಿ 4, ಸಂಜೆ, ಟ್ರೇನಿನಲ್ಲಿ

ರಿಸಲ್ಟ್ ಬಂತು. ದಾದಿಗೆ ಹೇಗೆ ಹೇಳಬೇಕೆಂದು ತಾಲೀಮು ಮಾಡುತ್ತಿದ್ದೇನೆ. ಹೀಗೆ: ಗಿಡದ ಡಿಎನ್‌ಎಯಲ್ಲಿ ಹನ್ನೆರಡು ಜಾಗ ಆರಿಸಿಕೊಂಡೆವು ದಾದಿ. ಒಂದೊಂದು ಜಾಗವನ್ನೂ ಒಂದು ಮಷೀನು ಲಕ್ಷಗಟ್ಟಲೆ ನಕಲು ತೆಗೆಯುತ್ತದೆ. ಆ ನಕಲನ್ನು ಗಟ್ಟಿ ಗಂಜಿಯಂಥ ಜೆಲ್ಲಿನ ಗುಂಡಿಗೆ ಹಾಕಿ ಕರೆಂಟು ಕೊಟ್ಟರೆ ಗಿಡ್ಡ ತುಂಡು ಮುಂದೆ ಓಡುತ್ತದೆ, ಉದ್ದದ್ದು ಹಿಂದೆ ಉಳಿಯುತ್ತದೆ. ಆಮೇಲೆ ನೀಲಿ ಬೆಳಕಲ್ಲಿ ಗೆರೆ ಕಾಣುತ್ತವೆ. ಒಂದೇ ಬೀಜವಾದರೆ ಗೆರೆಗಳೂ ಒಂದೇ ಸಾಲಿಗೆ ನಿಲ್ಲಬೇಕು. ನಿಮ್ಮಿಬ್ಬರವು ನಿಲ್ಲಲಿಲ್ಲ. ಹನ್ನೆರಡರಲ್ಲಿ ಎಂಟು ಕಡೆ ಹಿಂದೆ ಮುಂದೆ.

ಬೇರೆ ಬೇರೆ ಬೀಜ! ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಅಣ್ಣಿಗೇರಿಯದು ಅಣ್ಣಿಗೇರಿಯದೇ, ನವಲಗುಂದದ್ದು ನವಲಗುಂದದ್ದೇ. ಇಬ್ಬರ ತವರೂ ಉಳಿಯಿತು, ಜಗಳವೂ ಮುಗಿಯಿತು. ಪೇಢೆ ತೆಗೆದುಕೊಂಡಿದ್ದೇನೆ.

ಅದೇ ದಿನ, ಊಟದ ಮೇಲೆ

ಮುಗಿಯಲಿಲ್ಲ.

ದಾದಿ ಪೂರಾ ಕೇಳಿದಳು. ಬಾಯಿಗೆ ಒಯ್ದ ಪೇಢೆಯನ್ನು ವಾಪಸ್ ತಟ್ಟೆಗೆ ಇಟ್ಟಳು. “ಹಂಗಾರ ನಾ ಕೊಟ್ಟ ಬೀಜ ಅಕಿ ಹಾಕೇ ಇಲ್ಲ.”

“ಇಬ್ಬರದೂ ಖರೇ ಆತಲ್ಲ ದಾದಿ.”

“ಏನ್ ಖರೇ? ಈ ಗ್ವಾಡಿ ಬಾಜೂನ ಹಾಕಿದ್ಲು. ನಾನೂ ಅಕೀನೂ ಕೂಡೇ ನೀರ ಹಾಕೇವಿ. ನಿಮ್ಮಪ್ಪ ಆಗ ತೊಟ್ಟಲದಾಗಿದ್ದ. ಅದೆಲ್ಲಾ ಸುಳ್ಳಂದ್ರ ಸುಳ್ಳಾತೇನು?”

ಜಗಳ ಬಿಡಿಸಲು ಹೋಗಿ ಗೆಳೆತನವನ್ನೇ ಸುಳ್ಳು ಮಾಡಿ ಬಂದೆ. ದಾದಿಗೆ ಗೆಲ್ಲುವುದು ಬೇಕಿರಲಿಲ್ಲ, ಕೊಟ್ಟಿದ್ದೇನೆ ಎನ್ನುವುದು ಬೇಕಿತ್ತು. ಬಹಳ ಬೇಸರವಾಗಿದೆ. ಪೇಢೆಯನ್ನು ಅಪ್ಪ ಮಾತ್ರ ತಿಂದ.

ಫೆಬ್ರವರಿ 9, ರವಿವಾರ

ಎಲ್ಲ ಬರೆಯಬೇಕು, ಕೈ ನೋಯುತ್ತದೆ.

ಬೆಳಿಗ್ಗೆ ದಾದಿ ಹೊಸ ಸೀರೆ ಉಟ್ಟು ಚೀಲ ಹಿಡಿದು ನಿಂತಿದ್ದಳು. “ದೇವಿಕೊಪ್ಪಕ್ಕ ಹೋಗೂಣು. ನೀ ಯಾವ ಗಿಡದ ಎಲಿ ಹರಕೊಂಡು ಬಂದಿ, ನಾ ನೋಡತೇನಿ.” ಬಸ್ಸು ಹಿಡಿದೆವು. ಅವರಿಬ್ಬರೂ ಎದುರಾಬದುರಾಗಿ ನಾಲ್ಕು ವರ್ಷ.

ಫಕೀರವ್ವಜ್ಜಿ ಕಟ್ಟೆಯ ಮೇಲೆ ಕೂತಿದ್ದಳು, ಕಣ್ಣಿಗೆ ಕಪ್ಪು ಚಷ್ಮಾ. ದಾದಿಯದು ನಮಸ್ಕಾರ ಇಲ್ಲ, ಚಮತ್ಕಾರ ಇಲ್ಲ. “ನಿನ್ನ ಗಿಡಾ ಎಲ್ಲೈತಿ, ತೋರಸ.”

“ಬಂದ್ಯಾ? ಹಿತ್ತಲದಾಗೈತಿ. ಮತ್ತ್ಯಾರರ ಮುಂಬಾಗಿಲದಾಗ ಬತ್ತಿ ಅರಳಿ ಹಚ್ಚತಾರೇನು?”

ನಾನು ಮುಂಬಾಗಿಲ ಗಿಡ ನೋಡಿದೆ. ದಾದಿ ನನ್ನನ್ನು ನೋಡಿದಳು. ಭಾಗ್ಯಾ ಕೂಸನ್ನು ಎತ್ತಿಕೊಂಡು ಹೊರಗೆ ಬಂದವಳು ಗಾಬರಿಯಾದಳು. “ಇವರು ಜಿನ್ನಿನವರು ಅಂದ್ರಲ್ರಿ ಅತ್ತಿ. ಅದಕ್ಕ ನನ್ನ ಗಿಡಾ ತೋರಿಸಿದೆ, ನಮ್ಮ ತವರಿಂದ ತಂದದ್ದು. ಅರಳಿ ಅದರದ ಚಲೋ. ನಿಮ್ಮ ಗಿಡದ್ದು ಬತ್ತಿಗಷ್ಟ ಅಲ್ಲೇನ್ರಿ?”

ಅಂದರೆ ಇಷ್ಟು ದಿನ ನಾನು ದಾದಿಯ ಗಿಡವನ್ನು ಹೋಲಿಸಿ ನೋಡಿದ್ದು ಭಾಗ್ಯಾಳ ಗಿಡಕ್ಕೆ. ಒಂದು ಮಾತು ತಿಳಿಯದೆ ಆದ ಪಜೀತಿ. ಆಗಲೇ ಬಿಡಿಸಿ ಹೇಳಿದ್ದರೆ ಮುಗಿಯುತ್ತಿತ್ತು, ಬಸ್ಸಿನ ನೆಪ ಮಾಡಿಕೊಂಡು ಬಂದೆ. ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

“ಇಕಿ ನಿನ್ನ ಮೊಮ್ಮಗಳು ರೂಬಿನಾ ಅಲ್ಲೇನ ಹಲೀಮಾ? ಈ ಚಷ್ಮಾದಾಗ ಗುರ್ತ ಹತ್ತಲಿಲ್ಲ.”

“ಹೌದು. ಬಾಳ ಓದ್ಯಾಳ.”

ಆ ‘ಬಾಳ’ ಹೇಳಿದ ರೀತಿಗೆ ಇಬ್ಬರೂ ಒಮ್ಮೆಲೇ ನಕ್ಕರು. ನಕ್ಕಿದ್ದೇ ನಕ್ಕಿದ್ದು. ಫಕೀರವ್ವಜ್ಜಿ ಚಷ್ಮಾ ತೆಗೆದು ಕಣ್ಣು ಒರೆಸಿಕೊಂಡಳು. ಕಣ್ಣಿಗೆ ಕೈ ಹಚ್ಚಬಾರದೆಂದು ಡಾಕ್ಟರ್ ಹೇಳಿದ್ದಾರೆ ಎಂದು ಭಾಗ್ಯಾ ಬೈದಳು. ಮಷೀನು ಬೇರೆ ಬೀಜ ಎಂದಿತ್ತೆಂದು ನಾನು ಹೇಳಿದ್ದಕ್ಕೆ ಅಜ್ಜಿ ದಾದಿಯ ಕಡೆ ತಿರುಗಿ, “ಬ್ಯಾರೆ ಹೆಂಗ ಆದೀತ? ಕೈಯಾರೆ ಕೊಟ್ಟದ್ದು” ಎಂದಳು. ಯಾರು ಯಾರಿಗೆ ಎಂದು ಹೇಳಲಿಲ್ಲ. ದಾದಿಯೂ ಕೇಳಲಿಲ್ಲ.

ಹಿತ್ತಲ ಗಿಡದಿಂದ ಎಲೆ ಕಿತ್ತೆ. ಇಬ್ಬರೂ ಮುಂದೆ ನಿಂತು, ಆ ಟೊಂಗೆ ಬೇಡ ಈ ಟೊಂಗೆ ಎಂದು ಹುಕುಂ ಮಾಡಿದರು. ಆಮೇಲೆ ರೊಟ್ಟಿ, ಬದನೆಕಾಯಿ ಪಲ್ಯ, ಗಟ್ಟಿ ಮೊಸರು. ಬಡಿಸುತ್ತ ಫಕೀರವ್ವಜ್ಜಿ, “ಅವತ್ತ ಎಲಿ ಬಿಟ್ಟ ಎದ್ದಾಕಿ, ಇವತ್ತರ ಪೂರಾ ಉಣ್ಣು” ಎಂದಳು. ದಾದಿ ಪೂರಾ ಉಂಡಳು.

ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದಳು ಅಂದುಕೊಂಡಿದ್ದೆ. ಕಣ್ಣು ಮುಚ್ಚಿಕೊಂಡೇ ಹೇಳಿದಳು, “ಈ ಸಲಾನೂ ಬ್ಯಾರೆ ಅಂತ ಬಂದ್ರ ನನಗ ಹೇಳಬ್ಯಾಡ.”

ಫೆಬ್ರವರಿ 13

ಡಿಎನ್‌ಎ ಸ್ವಚ್ಛ ಬಂದಿದೆ. ನಕಲು ತೆಗೆಯುವ ಪಿಸಿಆರ್ ಮಷೀನಿನ ಬುಕಿಂಗ್ ಮುಂದಿನ ವಾರಕ್ಕೆ. ಹೆದರಿಕೆ.

ಫೆಬ್ರವರಿ 20, ಮಧ್ಯಾಹ್ನ

ಜೆಲ್ ಓಡುತ್ತಿದೆ. ಐದನೆಯ ಗುಂಡಿ ದಾದಿ, ಆರನೆಯದು ಫಕೀರವ್ವಜ್ಜಿ, ಏಳನೆಯದು ಭಾಗ್ಯಾ. ಪರೀಕ್ಷೆಯ ರಿಸಲ್ಟಿಗೂ ಹೀಗೆ ಕಾದವಳಲ್ಲ. ಬೇರೆ ಬಂದರೆ ಸುಳ್ಳು ಹೇಳಲೇ? ಲ್ಯಾಬಿನಲ್ಲಿ ಕೂತು ಬರೆಯುವ ಮಾತಲ್ಲ ಇದು. ಆದರೂ ಬರೆದೆ.

ನಾಲ್ಕು ಗಂಟೆ

ಒಂದೇ ಸಾಲು! ಐದು, ಆರು—ಗೆರೆಗೆ ಗೆರೆ. ಉಳಿದ ಜಾಗಗಳೂ ಹಾಗೇ, ಹನ್ನೆರಡಕ್ಕೆ ಹನ್ನೆರಡು. ಏಳನೆಯದು ಮಾತ್ರ ತನ್ನ ಪಾಡಿಗೆ ತಾನು ಬೇರೆ. ಮೇಡಂಗೆ ಆ ಏಳನೆಯದರ ಮೇಲೆಯೇ ಕಣ್ಣು. ನಮ್ಮ ಲಿಸ್ಟಿನಲ್ಲಿ ಇದುವರೆಗೆ ಸಿಗದ ಬಗೆಯಂತೆ. ತಪ್ಪಿ ತಂದ ಎಲೆಯೂ ದಂಡವಾಗಲಿಲ್ಲ.

ಐದು-ಆರರಲ್ಲಿ ಯಾವುದು ಮೊದಲು ಎಂದು ತಿಳಿಯುತ್ತದೆಯೇ ಎಂದು ಕೇಳಿದೆ. “ಎರಡೂ ಒಂದ ಅದಾವಲ್ಲ, ಹೆಂಗ ತಿಳಿಯಬೇಕು?” ಎಂದರು ಮೇಡಂ.

ಅಲ್ಲೇ ಸಿಕ್ಕಿಹಾಕಿಕೊಂಡೆ. ಇಬ್ಬರಲ್ಲಿ ಒಬ್ಬಳ ತವರಿನ ಬೀಜ ಈಗ ಎಲ್ಲಿಯೂ ಇಲ್ಲ. ಅದು ಯಾರದು?

ಫೆಬ್ರವರಿ 23, ರವಿವಾರ

ಫಕೀರವ್ವಜ್ಜಿ ಬೆಳಿಗ್ಗೆಯೇ ಬಂದಳು. ಮೊಮ್ಮಗಳ ತಲೆದಿಂಬು ಬಾಬಾಸಾಬನ ಕೈಯಲ್ಲೇ ಆಗಬೇಕಂತೆ, ಅಂದರೆ ನಮ್ಮಪ್ಪನ ಕೈಯಲ್ಲಿ. ಕಾಳು ಬಿಡಿಸಿದ ಅರಳೆ ಒಂದು ಗಂಟು ತಂದಿದ್ದಳು. ದಾದಿಯೂ ತನ್ನದೊಂದು ಗಂಟು ತಂದು ಬಾಜು ಇಟ್ಟಳು. ಇಬ್ಬರೂ ಅಂಗಡಿ ಕಟ್ಟೆಯ ಮೇಲೆ ಕೂತರು. ಇನ್ನು ತಡ ಮಾಡುವುದರಲ್ಲಿ ಅರ್ಥವಿರಲಿಲ್ಲ.

“ಎರಡೂ ಒಂದ ಬೀಜ” ಎಂದೆ. “ಅಗದಿ ಒಂದ.”

“ನಾ ಹೇಳಿದ್ದಿಲ್ಲೇನು?” ಇಬ್ಬರೂ ಒಟ್ಟಿಗೇ ಅಂದರು.

ಅಪ್ಪ ಮಷೀನು ನಿಲ್ಲಿಸಿದ. ಫಕೀರವ್ವಜ್ಜಿ ಕೇಳಿದಳು, “ಯಾರು ಯಾರಿಗೆ ಕೊಟ್ಟದ್ದು, ಅದನ್ನೂ ಹೇಳತೈತೇನವಾ ಮಷೀನ?” ದಾದಿ ನನ್ನ ಮುಖ ನೋಡಲಿಲ್ಲ. ಗಂಟಿನ ಅರಳೆಯಲ್ಲಿ ಇಲ್ಲದ ಕಾಳು ಹುಡುಕುತ್ತಿದ್ದಳು.

“ಇಲ್ಲ ಅಜ್ಜಿ. ಅದು ಮಷೀನಕ್ಕ ತಿಳಿಯಂಗಿಲ್ಲ.”

“ಚಲೋ ಆತು” ಎಂದಳು ದಾದಿ.

“ಬಾಳ ಚಲೋ ಆತು” ಎಂದಳು ಫಕೀರವ್ವಜ್ಜಿ.

ಅಪ್ಪ ಎರಡೂ ಗಂಟು ಎತ್ತಿಕೊಂಡು, ಬೇರೆ ಬೇರೆ ಹಿಂಜಲೋ ಕೂಡಿಸಿ ಹಿಂಜಲೋ ಎಂದು ಕೇಳಿದ. ದಾದಿ ಅವನಿಗೆ ಬೈದಳು. “ಅಷ್ಟ ದೊಡ್ಡ ಮಷೀನಕ್ಕ ತಿಳೀಲಾರದ್ದು ನಿನ್ನ ಮಷೀನಕ್ಕ ತಿಳಿತೈತೇನಲೇ? ಕೂಡಿಸಿ ಹಾಕು.”

ಹಾಕಿದ. ಈಗ ದಿಂಬಿನ ಅರಿವೆ ಕೆಂಪೋ ಹಸಿರೋ ಎಂದು ಇಬ್ಬರದೂ ಜೋರು ನಡೆದಿದೆ, ಇಲ್ಲಿಯ ತನಕ ಕೇಳುತ್ತದೆ. ಅರಿವೆಯ ತುದಿ ಹಿಡಿಯಲು ನನ್ನನ್ನು ಕರೆಯುತ್ತಿದ್ದಾರೆ. ಬಂದೆ ಎಂದೆ. ಹಿಂಜಿದ ಅರಳೆ ಮನೆಯೆಲ್ಲ ಹಾರಾಡುತ್ತಿದೆ, ಈ ಪುಟದ ಮೇಲೂ ಒಂದು ಎಳೆ ಬಂದು ಕೂತಿತು. ಯಾರ ಗಿಡದ್ದೋ—