ಮೊಳಕೆ ಗೋಧಿಯ ಡಬ್ಬಿ

ಸಸ್ಕಾಟೂನ್, ಅಕ್ಟೋಬರ್

ಪ್ರಿಯ ವರ್ನಾ,

ಅಪ್ಪನನ್ನು ಮದುವೆಯಾಗಿ ನೀವು ನಮ್ಮ ಮನೆಗೆ ಬಂದ ವರ್ಷ, ಹಸಿ ಮೊಳಕೆ ಗೋಧಿಗೆ ಸೇಬಿನ ಚೂರು ಬೆರೆಸಿ ನನ್ನ ಶಾಲೆಯ ಡಬ್ಬಿಗೆ ತುಂಬುತ್ತಿದ್ದಿರಿ. "ಏನೇ, ಕೋಳಿ ಮೇವು ತಂದಿದೀಯಾ?" ಎಂದು ಹುಡುಗಿಯರು ನಕ್ಕರು. ನಾನು ಅಳುತ್ತಾ ಬಂದೆ. ಮರುದಿನ ನೀವೇ ಅದನ್ನೇ ತುಂಬಿದ ದೊಡ್ಡ ಬೋಗುಣಿ ಹೊತ್ತು ತರಗತಿಗೆ ಬಂದು, "ಬನ್ರೇ ಕೋಳಿಮರಿಗಳಾ, ತಿನ್ನಿ!" ಎಂದಿರಿ. ಎಲ್ಲರೂ ಬಳಿದು ತಿಂದರು.

ಈಗ ನನ್ನ ಮಗಳಿಗೂ ಡಬ್ಬಿಗೆ ಅದೇ ಬೇಕಂತೆ. ನಾನು ನೆನೆಸಿದ ಗೋಧಿ ಮೊಳಕೆಯೊಡೆಯುವ ಮೊದಲೇ ಹಳಸುತ್ತಿದೆ.

ಅಪ್ಪ ತೀರಿಕೊಂಡ ಮೇಲೆ, "ಇನ್ನು ನಾನ್ಯಾರು ನಿಂಗೆ?" ಎಂದು ನಿಮ್ಮ ತಂಗಿಯ ಮನೆಗೆ ಹೊರಟುಹೋದಿರಿ. ಮಾಡುವ ಬಗೆಯನ್ನು ಕಾಗದದಲ್ಲಿ ಬರೆಯಬೇಡಿ, ಬಂದು ಕಲಿಸಿ. ಅಡುಗೆಮನೆ ಪಕ್ಕದ ಬೆಚ್ಚನೆಯ ಕೋಣೆ ನಿಮ್ಮದೇ. ಮಂಗಳವಾರ ಬಸ್ ನಿಲ್ದಾಣದಲ್ಲಿ ಕಾಯುತ್ತಿರುತ್ತೇನೆ, ಅಮ್ಮಾ.

ನಿಮ್ಮ ಮಗಳು,
ಮಾರ್ಲಿಸ್