ಬ್ಯಾಂಕಿನ ಹಿರಿಯರಿಗೆ ಕುಂಕುಮ

ಜಾರ್ಜ್‌ಟೌನ್, ಟೆಕ್ಸಾಸ್

ಅಕ್ಕನಿಗೆ ಚೆಲುವಿಯ ನಮಸ್ಕಾರ.

ನಾನು ಮಗು ನೋಡಿಕೊಳ್ಳುವ ಮನೆಯ ಸುಚೇತಕ್ಕ ಇವತ್ತು ಹೊಸ ಕಾರಿಗೆ ರಸ್ತೆ ಬದಿಯಲ್ಲೇ ಪೂಜೆ ಮಾಡಿದರು. ಪಕ್ಕದಲ್ಲಿ ಈ ಊರಲ್ಲಿ ಮೊದಲು ಬ್ಯಾಂಕ್ ತೆರೆದ ಹಿರಿಯರ ಹೆಸರಿನ ಫಲಕವಿತ್ತು. ಊರಿಗೆ ಒಳ್ಳೆಯದು ಮಾಡಿದವರು ಎಂದು ಅದಕ್ಕೂ ಕುಂಕುಮವಿಟ್ಟು, ಬುಡದ ಕಲ್ಲಿಗೆ ಕಾಯಿ ಒಡೆದೆ. ಪೊಲೀಸಪ್ಪ ಬಂದೇಬಿಟ್ಟ. ಸರ್ಕಾರಿ ಫಲಕ ಕೆಡಿಸಿದ್ದು ಯಾರು ಎಂದ. ಸುಚೇತಕ್ಕ ಬಾಯಿ ತೆರೆಯುವ ಮೊದಲೇ ನಾನು ಕೈ ಎತ್ತಿದೆ. ದುಪಟ್ಟಾದಿಂದ ಎಷ್ಟು ಒರೆಸಿದರೂ ಅಕ್ಷರಗಳ ಸಂದಿಯ ಕುಂಕುಮ ಹೋಗಲಿಲ್ಲ. ಅವನು ಫೋಟೋ ತೆಗೆದು, ನನ್ನ ಹೆಸರು ಬರೆದುಕೊಂಡು ಹೋದ. ನನ್ನನ್ನು ನಮ್ಮೂರಿಗೆ ವಾಪಸ್ ಕಳಿಸಿಬಿಡುತ್ತಾರೇನೋ ಎಂದು ಭಯ. "ಕಳಿಸಲ್ಲ ಕಣೇ, ಮೊದಲು ಊಟ ಮಾಡು" ಎಂದು ಸುಚೇತಕ್ಕ ಬೈದರು. ಅವರೂ ಊಟ ಮಾಡಿಲ್ಲ.

ಅಮ್ಮನಿಗೆ ಹೇಳಬೇಡ. ಅಂಚೆ ಮಾವ, ಕಾರ್ಡ್ ಓದಿದ್ದರೆ ನೀವೂ ಹೇಳಬೇಡಿ.

ಚೆಲುವಿ